ಬಂದ್ರು ಅಂದ ಮೇಲೆ

ನಾನು ಕೆಲಸ ಮಾಡುವ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಪರದೆ, ಹನ್ನೆರಡು ಹೆಡ್‌ಫೋನು. ಊರಿನಲ್ಲಿ ಯಾರಿಗೆ ಎದೆನೋವು ಬಂದರೂ, ಯಾರು ಮೆಟ್ಟಿಲಿಂದ ಉರುಳಿದರೂ, ಜನ ಒತ್ತುವ ಆ ತುರ್ತು ನಂಬರು ರಿಂಗಾಗುವುದು ಇಲ್ಲಿಯೇ. ಕುರ್ಚಿಯಲ್ಲಿ ಕೂತವರು ವಿಳಾಸ ಕೇಳಿ ಆಂಬುಲೆನ್ಸ್ ಹೊರಡಿಸುತ್ತಾರೆ. ಅದು ತಲುಪುವ ತನಕ ಫೋನಿನಲ್ಲೇ ಇದ್ದು, ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳಿಕೊಡುತ್ತಾರೆ. ನನ್ನ ಕೆಲಸ ಚಹಾ ಕೊಡುವುದು, ನೆಲ ಒರೆಸುವುದು, ಹೆಡ್‌ಫೋನಿನಲ್ಲಿ ಕಿವಿಗೆ ತಾಗುವ ಸ್ಪಂಜುಗಳನ್ನು ಬಿಚ್ಚಿ ತೊಳೆದು ಒಣಗಿಸಿ ಮತ್ತೆ ಹಾಕುವುದು.

ಹತ್ತೊಂಬತ್ತು ವರ್ಷದಿಂದ ಈ ಸ್ಪಂಜು ಹಿಂಡುತ್ತಿದ್ದೇನೆ. ಮುಖ ಸುಳ್ಳು ಹೇಳೀತು, ಸ್ಪಂಜು ಹೇಳುವುದಿಲ್ಲ. ಬರೀ ಬೆವರಾದರೆ ಅದು ಸುತ್ತಲೂ ಒಂದೇ ಸಮ ಒದ್ದೆಯಾಗುತ್ತದೆ. ತಲೆ ತಗ್ಗಿಸಿ ಅತ್ತವರದ್ದು ಮುಂದಿನ ಅಂಚು ಮಾತ್ರ. ಒಣಗಿದ ಮೇಲೆ ಅಲ್ಲೊಂದು ಬಿಳಿ ಗೆರೆ ಕೂತಿರುತ್ತದೆ. ನಾನು ನೋಡುತ್ತೇನೆ, ತೊಳೆಯುತ್ತೇನೆ, ಬಾಯಿ ಬಿಡುವುದಿಲ್ಲ. ಅವತ್ತು ಅವರ ಚಹಾಕ್ಕೆ ಅರ್ಧ ಚಮಚ ಸಕ್ಕರೆ ಜಾಸ್ತಿ ಬೀಳುತ್ತದೆ, ಅಷ್ಟೇ.

ಈ ಕೋಣೆಯ ಕಥೆಗಳೆಲ್ಲ ಒಂದೇ ಮಾತಿಗೆ ಮುಗಿಯುತ್ತವೆ: ‘ಬಂದ್ರು’. ಆಂಬುಲೆನ್ಸಿನವರು ಬಾಗಿಲಿಗೆ ಬಂದ ಕೂಡಲೇ ಆ ಕಡೆಯವರು ‘ಬಂದ್ರು, ಬಂದ್ರು’ ಎನ್ನುತ್ತಾರೆ, ಲೈನು ಕಡಿಯುತ್ತದೆ, ಮುಂದಿನ ಕರೆ ಬರುತ್ತದೆ. ಆ ಮನುಷ್ಯ ಉಳಿದನೋ ಹೋದನೋ, ಆ ಮಗು ಅತ್ತಿತೋ ಇಲ್ಲವೋ, ಕೇಳುವ ಹಾಗಿಲ್ಲ. ಕರೆಯಲ್ಲಿ ಸಿಕ್ಕ ವಿಳಾಸ ಕರೆಯೊಳಗೇ ಇರಬೇಕು. ಹೊರಗೆ ಒಯ್ದವರು ಕೆಲಸ ಕಳೆದುಕೊಂಡ ಹಾಗೆಯೇ. ನಿಯಮ ಒಳ್ಳೆಯದೇ. ನಾಳೆ ನಮ್ಮ ಮನೆಯಲ್ಲಿ ಯಾರಾದರೂ ಬಿದ್ದರೆ ಅದು ಊರ ಬಾಯಿಗೆ ಬೀಳಬಾರದಲ್ಲ. ಆದರೆ ದಿನಕ್ಕೆ ನಲವತ್ತು ಕಥೆ ಕೇಳಿ, ಒಂದರ ಕೊನೆಯೂ ತಿಳಿಯದೆ ಮನೆಗೆ ಹೋಗುವವರ ಗತಿ ಏನು ಎಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

ಗುಬ್ಬಿ ನನ್ನ ತಂಗಿಯ ಮಗಳು. ಮೂವತ್ತೊಂದು ವರ್ಷ. ಇರುವುದು ನನ್ನ ಜೊತೆ, ಎರಡು ಕೋಣೆಯ ಮನೆಯಲ್ಲಿ. ಕೂರುವುದು ನಾಲ್ಕನೇ ಕುರ್ಚಿಯಲ್ಲಿ. ಮನೆಯಲ್ಲಿ ಕರೆಯುವ ಹೆಸರು ನನ್ನ ಬಾಯಿಂದ ಜಾರಿ ಆಫೀಸಿನಲ್ಲೆಲ್ಲ ಹಬ್ಬಿತು. ಅದಕ್ಕಾಗಿ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ. ಕೆಲಸ ಅವಳ ರಕ್ತಕ್ಕಿಳಿದಿದೆ. ಮನೆಯ ಫೋನು ಎತ್ತಿದರೂ ‘ವಿಳಾಸ ಹೇಳಿ’ ಎನ್ನುತ್ತಾಳೆ. ‘ನಿನ್ನ ಹೆತ್ತವಳು ಕಣೇ, ವಿಳಾಸ ಬೇರೆ ಕೇಡು’ ಎಂದು ನನ್ನ ತಂಗಿ ಆ ಕಡೆಯಿಂದ ಬೈಯುವುದು ನನಗೂ ಕೇಳಿಸುತ್ತದೆ.

ನಾನು ರಾತ್ರಿ ಶಾಲೆಯಲ್ಲಿ, ತಲೆ ನೆರೆಯುವ ಹೊತ್ತಿಗೆ ಅಕ್ಷರ ಕಲಿತವಳು. ಆದ್ದರಿಂದ ಬರೆದದ್ದು ಏನು ಕಂಡರೂ ಓದದೆ ಬಿಡಲಾರೆ. ಗುಬ್ಬಿಯ ಕೋಟು ಒಗೆಯಲು ಜೇಬು ತಡಕಿದಾಗ ಸಿಕ್ಕ ಚೀಟಿಯನ್ನೂ ಹಾಗೆಯೇ ಓದಿದೆ. ಹನ್ನೊಂದು ವಿಳಾಸಗಳು, ಅವಳದೇ ಕೈಬರಹ. ಒಂಬತ್ತರ ಮುಂದೆ ಗುರುತು. ಒಂದರ ಮುಂದೆ ಏನೂ ಇಲ್ಲ. ಒಂದಕ್ಕೆ ಸುತ್ತಲೂ ಗೆರೆ ಎಳೆದು ಎಳೆದು ಕಾಗದ ಹರಿದಿತ್ತು.

“ಇದೇನೇ ಗುಬ್ಬಿ?”

“ಏನಿಲ್ಲ. ಕೊಡು ಇಲ್ಲಿ.”

“ಏನಿಲ್ಲದ್ದಕ್ಕೆ ಹನ್ನೊಂದು ವಿಳಾಸ ಬೇಕಾ?”

ಅವಳು ಒದ್ದೆ ಬಟ್ಟೆಯ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಕೇಳಲಿಲ್ಲ, ಕಾದೆ. ಕಾಯುವುದೊಂದು ನನಗೆ ಚೆನ್ನಾಗಿ ಬರುತ್ತದೆ.

“ರಜೆ ದಿನ ಹೋಗ್ತೀನಿ ದೊಡ್ಡಮ್ಮ,” ಎಂದಳು ಕೊನೆಗೆ. “ಆ ಬೀದಿಗೆ. ದೂರದಿಂದ ನೋಡ್ತೀನಿ, ಐದು ನಿಮಿಷ. ಬಿದ್ದಿದ್ದು ಗಂಡಸಾಗಿದ್ರೆ ಗಂಡಸಿನ ಅಂಗಿ ಒಣಗ್ತಿದೆಯಾ ಅಂತ. ಮಗು ಆಗಿದ್ರೆ ಸಣ್ಣ ಚಪ್ಪಲಿ ಬಾಗಿಲಲ್ಲಿದೆಯಾ ಅಂತ. ಇದ್ರೆ ಗುರುತು ಹಾಕ್ತೀನಿ.”

“ಒಂಬತ್ತು ಮನೆಗೆ ಹೀಗೆ ಹೋಗಿದೀಯಾ?”

“ಹತ್ತು.”

ಒಬ್ಬರ ಕಣ್ಣಿಗೆ ಬಿದ್ದರೆ ಸಾಕು, ನಾಲ್ಕನೇ ಕುರ್ಚಿ ಹೋಯಿತು.

“ಈ ಸುತ್ತು ಹಾಕಿದ್ದು ಯಾವುದು?”

ಆರು ವಾರದ ಹಿಂದಿನ ಕರೆ ಅದು. ಗಂಡ ಅಡುಗೆಮನೆಯಲ್ಲಿ ಕುಸಿದಿದ್ದ, ಮನೆಯಲ್ಲಿ ಹೆಂಡತಿ ಒಬ್ಬಳೇ. ಫೋನನ್ನು ನೆಲದ ಮೇಲಿಡಿಸಿ, ಎದೆ ಒತ್ತುವುದನ್ನು ಹೇಳಿಕೊಟ್ಟು, ಗುಬ್ಬಿ ಹದಿನಾಲ್ಕು ನಿಮಿಷ ಎಣಿಸಿದ್ದಳು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ನಡುವೆ ಏನೋ ಲಟಕ್ಕೆಂದ ಸದ್ದು. ಆ ಹೆಂಗಸು ‘ಅಯ್ಯೋ ಮುರೀತು’ ಎಂದು ಕೂಗಿದಳು. ಗುಬ್ಬಿ ‘ನಿಲ್ಲಿಸಬೇಡಿ’ ಎಂದಳು. ಆಮೇಲೆ ‘ಬಂದ್ರು’. ಅಷ್ಟೇ.

“ಆವತ್ತಿಂದ ಎಣಿಸಿ ಅಂತ ಹೇಳೋಕೆ ಹೋದ್ರೆ ಬಾಯಿ ಕಟ್ಕೊಳ್ಳುತ್ತೆ. ಎರಡು ಸೆಕೆಂಡು. ನನ್ನ ಕರೆಗಳನ್ನೇ ಮತ್ತೆ ಹಾಕಿ ಕೇಳ್ದೆ. ಪ್ರತಿ ಸಲ ಎರಡು ಸೆಕೆಂಡು ಸುಮ್ನೆ ಇರ್ತೀನಿ.”

ಎರಡೇ ತಾನೇ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಆ ಕೋಣೆಯ ನೆಲ ಒರೆಸಿದವಳಿಗೆ ಎರಡು ಸೆಕೆಂಡು ಎಂದರೆ ಏನೆಂದು ಗೊತ್ತು.

“ನಾಳೆ ಅದು ಐದಾದ್ರೆ? ಯಾರೋ ನೆಲದ ಮೇಲೆ ಬಿದ್ದಿರ್ತಾರೆ, ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ. ತಿಂಗಳ ಕೊನೆಗೆ ಕುರ್ಚಿ ಬಿಟ್ಟುಬಿಡ್ತೀನಿ ದೊಡ್ಡಮ್ಮ. ಬೇರೆ ಏನು ಮಾಡ್ಲಿ ಅಂತ ಮಾತ್ರ ಗೊತ್ತಿಲ್ಲ. ನಂಗೆ ಬರೋದು ಇದೊಂದೇ.” ಮೂಗು ಒರೆಸಿಕೊಂಡಳು. “ಆ ಮನೆ ಒಂದು ಗೊತ್ತಾದ್ರೆ ಸಾಕು. ಮೂರು ವಾರದಿಂದ ಹೋಗ್ತಿದೀನಿ. ಅಂಗಿ ಕಾಣ್ತಿಲ್ಲ.”

ಬೀಡಿ ಬಿಡುವವನ ಕೊನೆಯ ಬೀಡಿಯ ಹಾಗೆ ಆ ‘ಒಂದು ಸಾಕು’ ಎಂದು ನನಗೆ ತಿಳಿಯದೇನಲ್ಲ. ಬೇಡ ಎನ್ನಬೇಕಿತ್ತು. ಬದಲಿಗೆ, “ಈ ಸಲ ನಾನೂ ಬರ್ತೀನಿ,” ಎಂದೆ. ಒಬ್ಬಳೇ ಹೋಗಿ ಏನಾದರೂ ಮಾಡಿಕೊಂಡಾಳು ಎಂಬ ಭಯ. ತಪ್ಪು ನನ್ನದೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಬೀದಿಯಲ್ಲಿ, ಮುಚ್ಚಿದ ಕ್ಷೌರದಂಗಡಿಯ ಮುಂದೆ ನಿಂತೆವು. ಎದುರಿಗೆ ಹಸಿರು ಗೇಟಿನ ಮನೆ. ಕಿಟಕಿ ಅರ್ಧ ತೆರೆದಿತ್ತು. ಗುಬ್ಬಿ ಕೈಚೀಲದ ಹಿಡಿಕೆಯನ್ನು ಹಿಂಡುತ್ತಿದ್ದಳು. ನಾನು ಸುಮ್ಮನೆ ಬಸ್ಸಿಗೆ ಕಾಯುವವಳ ಹಾಗೆ ಮುಖ ಮಾಡಿಕೊಂಡಿದ್ದೆ. ಆ ಬೀದಿಗೆ ಬಸ್ಸೇ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಗೇಟು ಕಿರ್ರೆಂದಿತು. ಐವತ್ತರ ಆಸುಪಾಸಿನ ಹೆಂಗಸು ಕಸದ ಡಬ್ಬಿ ಹಿಡಿದು ಬಂದವಳು, ಡಬ್ಬಿಯನ್ನು ಅಲ್ಲೇ ಇಟ್ಟು ನೆಟ್ಟಗೆ ರಸ್ತೆ ದಾಟಿ ನಮ್ಮ ಮುಂದೆ ನಿಂತಳು.

“ಮೂರು ವಾರದಿಂದ ನೋಡ್ತಿದೀನಿ ನಿನ್ನ. ಯಾರು ಬೇಕಿತ್ತು?”

ನಾನೇ ಏನಾದರೂ ಸುಳ್ಳು ಹೇಳಿ ಜಾರಿಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಗುಬ್ಬಿಯ ಬಾಯಿಂದ ಮಾತು ಬಂತು. ಅವಳ ಮನೆಯ ದನಿಯಲ್ಲ. ನಾಲ್ಕನೇ ಕುರ್ಚಿಯ ದನಿ, ಮೆತ್ತಗಿನ, ಏರಿಳಿತವಿಲ್ಲದ ದನಿ.

“ಅವರು ಉಸಿರಾಡ್ತಿದ್ದಾರಾ?”

ಆ ಹೆಂಗಸಿನ ಕೈ ಗೋಡೆ ಹುಡುಕಿತು. ನಾನು ಹಿಡಿಯಲು ಹೋದರೆ ತಳ್ಳಿದಳು.

“ನೀನು,” ಎಂದಳು. “ಫೋನಲ್ಲಿ ಇದ್ದವಳು ನೀನು.”

“ನಾನು... ಸುಮ್ನೆ, ಅವರು ಹೇಗಿದಾರೆ ಅಂತ...”

“ಅವರ ಎದೆಮೂಳೆ ನನ್ನ ಕೈಯ ಕೆಳಗೆ ಮುರೀತು. ನಿಲ್ಲಿಸಬೇಡಿ ಅಂದೆ ನೀನು. ಇವತ್ತಿಗೂ ಪಾತ್ರೆ ತೊಳೀತಾ ಇದ್ರೆ ನಿನ್ನ ಎಣಿಕೆ ಕೇಳುತ್ತೆ ನಂಗೆ. ಈಗ ಮನೆ ಬಾಗಿಲಿಗೂ ಬಂದ್ಯಾ?”

“ಅವರು...”

“ಅದು ನಮ್ಮನೆ ವಿಷಯ. ನಿಂಗೆ ಹೇಳ್ಬೇಕಾಗಿಲ್ಲ. ಹೋಗು. ಇನ್ನೊಂದ್ಸಲ ಈ ಬೀದಿಗೆ ಬರ್ಬೇಡ.”

ಕಸದ ಡಬ್ಬಿಯನ್ನು ಮರೆತು ಒಳಗೆ ಹೋದಳು. ಕಿಟಕಿಯನ್ನೂ ಮುಚ್ಚಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಬೀಗ ತೆಗೆಯುವಾಗ ಮಾತ್ರ ಹೇಳಿದಳು: “ಅವರು ಹೇಗೋ ಆ ದಿನಾನ ಮನೆಯಿಂದ ಹೊರಗೆ ಹಾಕ್ತಿದ್ರು. ನಾನು ಹೊತ್ಕೊಂಡು ಹೋಗಿ ಮತ್ತೆ ಒಳಗಿಟ್ಟು ಬಂದೆ.” ಆಮೇಲೆ ಚೀಟಿಯನ್ನು ಸಣ್ಣ ಸಣ್ಣ ಚೂರು ಮಾಡಿದಳು. ಒಳ್ಳೆಯದಾಯಿತು ಎಂದುಕೊಂಡೆ. ಚೀಟಿ ಹರಿದರೆ ತಲೆಯೊಳಗಿದ್ದದ್ದು ಹರಿದೀತೇ? ಮಾರನೆಯ ದಿನ ಅವಳ ಸ್ಪಂಜಿನ ಅಂಚಿನಲ್ಲಿ ಬಿಳಿ ಗೆರೆ ಬೆರಳಗಲ ಇತ್ತು.

ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಪ್ರತಿ ಮಂಗಳವಾರ ಒಬ್ಬ ಆಪ್ತಸಲಹೆಯ ಮೇಡಂ ಬರುತ್ತಾರೆ. ಅವರಿಗೊಂದು ಕೋಣೆ, ಎರಡು ಮೆತ್ತನೆಯ ಕುರ್ಚಿ, ಒಂದು ಕುಂಡದ ಗಿಡ. ಬಾಗಿಲು ಮಾತ್ರ ಗಾಜಿನದ್ದು. ಹನ್ನೆರಡೂ ಕುರ್ಚಿಗೆ ನೇರ ಎದುರು. ಒಂಬತ್ತನೇ ಕುರ್ಚಿಯವನನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಅಷ್ಟು ಮಾತು. ಅವನು ಹೇಳುತ್ತಿದ್ದ: “ಒಳಗೆ ಹೋದವರು ವಾಸಿಯಾಗಿಯೇ ಬರ್ತಾರೆ ಅಜ್ಜಿ. ಆದ್ರೆ ಬಾಗಿಲು ತೆಗೆದ ಕೂಡ್ಲೆ ಹನ್ನೊಂದು ಜನ ನೋಡ್ತಾರಲ್ಲ, ಅಲ್ಲೇ ಮತ್ತೆ ಹುಚ್ಚು ಹಿಡಿಯುತ್ತೆ.” ಎಲ್ಲರೂ ನಗುತ್ತಿದ್ದರು. ಎರಡು ವರ್ಷದಲ್ಲಿ ಆ ಬಾಗಿಲು ತೆಗೆದವಳು ನಾನೊಬ್ಬಳೇ, ಅದೂ ಚಹಾದ ತಟ್ಟೆ ಹಿಡಿದು. ಮೇಡಂ ಗಿಡಕ್ಕೆ ನೀರು ಹಾಕುತ್ತಾ ಕೂತಿರುತ್ತಿದ್ದರು. ಗಿಡ ಮಾತ್ರ ಬಹಳ ಚೆನ್ನಾಗಿ ಬೆಳೆದಿತ್ತು.

ಆ ಮಂಗಳವಾರ ನಾನು ಚಹಾ ಒಯ್ಯಲಿಲ್ಲ. “ಮೇಡಂ, ಇವತ್ತು ನೀವೇ ನನ್ನ ಅಡುಗೆಕೋಣೆಗೆ ಬನ್ನಿ. ಕೈಗೆ ಕೆಲಸ ಕೊಡ್ತೀನಿ,” ಎಂದೆ.

ಅವರು ಬಂದರು. ಸೋಪಿನ ನೀರಿನ ಬೋಗುಣಿಯ ಮುಂದೆ ನಿಲ್ಲಿಸಿ, ಇಪ್ಪತ್ತನಾಲ್ಕು ಸ್ಪಂಜು ಮುಂದಿಟ್ಟೆ. ತೋಳು ಮಡಚಿ ಹಿಂಡತೊಡಗಿದರು. ಬಿಡುವಿನ ಹೊತ್ತಿಗೆ ಗುಬ್ಬಿಯನ್ನು ಕರೆದು, “ಇವನ್ನ ಹಗ್ಗಕ್ಕೆ ಸಿಕ್ಕಿಸು,” ಎಂದೆ. ಅವಳು ಮೇಡಮ್ಮನ್ನು ನೋಡಿ ಹಿಂದೆ ಸರಿದಳು.

“ದೊಡ್ಡಮ್ಮ, ಇದೇನು ಹುನ್ನಾರ?”

“ಹುನ್ನಾರನೇ. ಸಿಕ್ಕಿಸು.”

ಮೇಡಂ ನಕ್ಕರು. “ನನ್ನನ್ನ ನೋಡ್ಬೇಕಾಗಿಲ್ಲಮ್ಮ. ಸ್ಪಂಜು ನೋಡ್ತಾ ಇದ್ರೂ ಮಾತು ಬರುತ್ತೆ.”

ಬಂತು. ಮೊದಲು ಎರಡು ಸೆಕೆಂಡಿನ ಮಾತು, ಆಮೇಲೆ ಚೀಟಿ, ಆಮೇಲೆ ಹಸಿರು ಗೇಟು. ಮೇಡಂ ನಡುವೆ ‘ಪಾಪ’ ಎನ್ನಲಿಲ್ಲ, ‘ನಿಮ್ಮ ತಪ್ಪಿಲ್ಲ’ ಎಂದೂ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡು ಹೇಳಿದರು:

“ಬಾಯಿ ಕಟ್ಕೊಳ್ಳೋದು ನೀವು ಕೆಲಸಕ್ಕೆ ಬಾರದವರು ಅನ್ನೋದಕ್ಕಲ್ಲ. ಆ ಸದ್ದು ಇನ್ನೂ ಕಿವೀಲಿದೆ, ಮನಸ್ಸು ಮತ್ತೆ ಅದನ್ನ ಕೇಳೋಕೆ ಹೆದರ್ತಿದೆ. ಅದು ಸಡಿಲ ಆಗುತ್ತೆ, ನಾವಿಬ್ಬರೂ ಕೂತು ಸಡಿಲ ಮಾಡೋಣ. ಆದ್ರೆ ಆ ಮನೆಗೆ ಹೋಗಿದ್ದು ತಪ್ಪು. ಅದು ನಿಮಗೂ ಗೊತ್ತು. ಅದನ್ನ ಹೊಟ್ಟೇಲಿಟ್ಕೊಂಡ್ರೆ ಬೇರೆ ಏನೂ ಸಡಿಲ ಆಗಲ್ಲ. ನಾನು ಯಾರಿಗೂ ಹೇಳಲ್ಲ. ನೀವೇ ಹೇಳ್ಬೇಕು. ಬೇಕಾದ್ರೆ ಪಕ್ಕದಲ್ಲಿ ಕೂತಿರ್ತೀನಿ.”

“ಕೆಲಸ ಹೋಗುತ್ತೆ.”

“ಹೋಗ್ಬಹುದು.”

ಈ ಮಾತಿಗೆ ನನಗೆ ಮೇಡಂ ಮೇಲೆ ಸಿಟ್ಟು ಬಂತು. ಆದರೆ ಗುಬ್ಬಿಗೆ ಅದರಿಂದಲೇ ಧೈರ್ಯ ಬಂದ ಹಾಗೆ ಕಂಡಿತು. ಇಷ್ಟು ವಾರಗಳಲ್ಲಿ ಅವಳಿಗೆ ನಿಜ ಹೇಳಿದವರು ಇವರೊಬ್ಬರೇ.

ನಮ್ಮ ಮೇಲ್ವಿಚಾರಕರಿಗೆ ಹೆಡ್‌ಮಾಸ್ಟ್ರು ಎಂದು ಹೆಸರು. ಕೈ ಹಿಂದೆ ಕಟ್ಟಿಕೊಂಡು ಕುರ್ಚಿಗಳ ಬೆನ್ನ ಹಿಂದೆ ಓಡಾಡುತ್ತಾರೆ. ಗುಬ್ಬಿ, ಮೇಡಂ ಇಬ್ಬರೂ ಅವರ ಕೋಣೆಗೆ ಹೋದರು. ನಾನು ಚಹಾದ ನೆಪದಲ್ಲಿ ಹೋಗಿ, ತಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತೆ. ಯಾರೂ ಹೊರಗೆ ಹೋಗು ಎನ್ನಲಿಲ್ಲ.

ಅವರು ಪೂರ್ತಿ ಕೇಳಿದರು. ಕೆನ್ನೆ ಕೆಂಪಾಯಿತು. “ಹತ್ತು ಮನೆ! ಗುಬ್ಬಿ, ನೀನು ನನ್ನ ಅತ್ಯಂತ ಒಳ್ಳೆಯ ಕಿವಿ. ನಿನಗೆ ಬುದ್ಧಿ ಹೇಳ್ಬೇಕಾ ನಾನು?”

“ಇಲ್ಲ ಸರ್.”

“ಇದನ್ನ ನಾನು ಬರೀಲೇಬೇಕು. ಮೇಲಿನವರಿಗೆ ಹೋಗುತ್ತೆ. ಆ ಮನೆಯವರಿಗೆ ನಮ್ಮ ಕಡೆಯಿಂದ ತಪ್ಪಾಯ್ತು ಅಂತ ಪತ್ರ ಹೋಗುತ್ತೆ. ಅವರಿಗೆ ಯಾರ ಹತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಯಾರನ್ನ ಕೇಳ್ಬೇಕು ಅಂತಾನೂ ಅದ್ರಲ್ಲಿರುತ್ತೆ.” ಎದ್ದು ಕಿಟಕಿಯ ಕಡೆ ತಿರುಗಿದರು. “ಎರಡು ವಾರ ಫೋನು ಮುಟ್ಬೇಡ. ನಕ್ಷೆಯ ಮೇಜಲ್ಲಿ ಕೂತು ರಸ್ತೆ ಹೆಸರು ತಿದ್ದು. ಮೇಡಂ ಹತ್ರ ವಾರಕ್ಕೆರಡು ಸಲ. ಆಮೇಲೆ ನೋಡೋಣ.”

“ನೋಡೋಣ ಅಂದ್ರೆ, ಸರ್?”

“ನೋಡೋಣ ಅಂದ್ರೆ ನೋಡೋಣ.”

ನನಗೆ ಬಾಯಿ ತಡೆಯಲಿಲ್ಲ.

“ಸ್ವಾಮಿ, ಒಂದು ಕೇಳ್ಲಾ? ಇವರು ಬಂದ್ರು ಅನ್ನೋ ತನಕ ಗೊತ್ತಿರೋರು. ಬಂದ್ರು ಅಂದ ಮೇಲಿನದ್ದು ಗಾಡಿಯವರಿಗೆ ಗೊತ್ತು. ಇಬ್ಬರೂ ನಮ್ಮ ಇಲಾಖೆಯವರೇ. ಹಾದಿಬೀದಿ ಅಲೆಯೋ ಬದಲು ಅವರನ್ನೇ ಇಲ್ಲಿಗೆ ಕರೆದ್ರೆ ಆಗಲ್ವಾ? ಗಾಡಿಯವರಿಗೆ ಚಹಾ ಕುಡಿಯೋ ಅಭ್ಯಾಸ ಇಲ್ವಾ?”

ಹೆಡ್‌ಮಾಸ್ಟ್ರು ತಿರುಗಿ ನನ್ನನ್ನು ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ನಾನು ಸಕ್ಕರೆ ಎಷ್ಟು ಎಂಬುದು ಬಿಟ್ಟು ಅವರನ್ನು ಏನೂ ಕೇಳಿರಲಿಲ್ಲ.

“ಅವರ ಶೆಡ್ಡು ಊರಿನ ಆ ತುದಿ. ಯಾವತ್ತೂ ಬಂದಿಲ್ಲ,” ಎಂದರು. ಮತ್ತೆ ಕುರ್ಚಿಗೆ ಬಂದು ಕೂತು, “ನಾವೂ ಯಾವತ್ತೂ ಕರೆದಿಲ್ಲ,” ಎಂದರು.

ಮೇಡಂ ಮುಂದೆ ಬಾಗಿದರು. “ನಮ್ಮ ಗೋಡೆಯೊಳಗೆ, ನಮ್ಮವರ ನಡುವೆ. ಮನೆಯವರ ಹೆಸರಿಲ್ಲ, ವಿಳಾಸ ಇಲ್ಲ. ನಾನು ಜೊತೆಗಿರ್ತೀನಿ. ಬಂದೇ ಬರ್ಬೇಕು ಅನ್ನೋದು ಯಾರಿಗೂ ಇಲ್ಲ.”

“ಅಜ್ಜಿ, ಬೆಕ್ಕಿಗೆ ಗಂಟೆ ಕಟ್ಟೋ ಮಾತು ಆಡಿದ್ರಿ. ಕಟ್ಟೋರು ಯಾರು?”

“ನೀವೇ ಸ್ವಾಮಿ. ನಾನು ಚಹಾ ಕಾಯಿಸ್ತೀನಿ.”

ಅವರಿಗೂ ನಗು ಬಂತು. ತಡೆದುಕೊಂಡರು.

ಮುಂದಿನ ಮಂಗಳವಾರ, ಹೆಡ್‌ಮಾಸ್ಟ್ರು ದಾಖಲೆ ನೋಡಿ ಕರೆಸಿದ ಆರನೇ ಗಾಡಿಯವನು ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬೂಟು ಒರೆಸಿ ಒರೆಸಿ ಒಳಗೆ ಬಂದ. ಅಡುಗೆಕೋಣೆಯ ಉದ್ದ ಮೇಜಿನ ಸುತ್ತ ಗುಬ್ಬಿ, ಮೇಡಂ, ಮೂಲೆಯಲ್ಲಿ ಚಹಾಕ್ಕೆಂದೇ ಬಂದವನ ಹಾಗೆ ರೇಡಿಯೋ.

“ನೀವಾ ಆರನೇ ಗಾಡಿ?” ಎಂದ ರೇಡಿಯೋ. “ಎಂಟು ವರ್ಷದಿಂದ ನಿಮ್ಮ ದನಿ ಕೇಳ್ತಿದೀನಿ. ಗಿಡ್ಡಗೆ, ದಪ್ಪಗೆ, ಬೋಳು ತಲೆ ಅಂದ್ಕೊಂಡಿದ್ದೆ.”

“ನೀವಾ ಒಂಬತ್ತು? ನಾನು ನಿಮ್ಮನ್ನ ಮುದುಕ ಅಂದ್ಕೊಂಡಿದ್ದೆ,” ಎಂದ ಅವನು. “ಅಷ್ಟೊಂದು ಉಪದೇಶ ಮಾಡ್ತೀರಲ್ಲ.”

ಮೇಜಿಗೆ ಮೇಜೇ ನಕ್ಕಿತು. ನಗು ಇಳಿದ ಮೇಲೆ ಮೇಡಂ ಗುಬ್ಬಿಯ ಕಡೆ ನೋಡಿದರು. ಅವಳು ಲೋಟದ ಒಳಗೆ ನೋಡುತ್ತಾ, ತಾರೀಕು ಹೇಳಿದಳು. ಅಡುಗೆಮನೆ, ಗಂಡ, ಹೆಂಡತಿ ಒಬ್ಬಳೇ, ಹದಿನಾಲ್ಕು ನಿಮಿಷ.

ಎತ್ತರದವನು ಲೋಟ ಕೆಳಗಿಟ್ಟ. “ಫೋನು ನೆಲದ ಮೇಲಿತ್ತು,” ಎಂದ. “ಒಲೆಯ ಪಕ್ಕ. ಒಳಗೆ ಬಂದಾಗ ಆ ಯಮ್ಮನ ಕೈ ಆ ಎಣಿಕೆಗೆ ಸರಿಯಾಗಿ ಹೋಗ್ತಿತ್ತು. ಬೆವರು ಸುರೀತಿತ್ತು, ಆದ್ರೆ ತಾಳ ತಪ್ಪಿರ್ಲಿಲ್ಲ. ನಾನು ಮಂಡಿಯೂರಿ ‘ಮೂರು’ ಅನ್ನೋದು ಕೇಳಿ ‘ನಾಲ್ಕಕ್ಕೆ’ ನನ್ನ ಕೈ ಹಾಕ್ದೆ. ನಡುವೆ ಒಂದು ಏಟೂ ಬಿಡ್ಲಿಲ್ಲ. ಅದು ನೀವಾ?”

ಗುಬ್ಬಿ ತಲೆಯಾಡಿಸಿದಳು.

“ನಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ಹೋದಾಗ ಜನ ಸಾಮಾನ್ಯವಾಗಿ ಮೂಲೇಲಿ ನಿಂತು ಕಿರುಚ್ತಿರ್ತಾರೆ. ಅವತ್ತು ಹಾಗಿರ್ಲಿಲ್ಲ. ಯಾರಪ್ಪಾ ಆ ಫೋನಲ್ಲಿ ಇದ್ದೋರು ಅಂತ ನನ್ನ ಜೊತೆಯವನ ಹತ್ರ ಹೇಳಿದ್ದೆ.”

“ಮೂಳೆ ಮುರೀತು.”

“ಮುರಿಯುತ್ತೆ ಕಣಮ್ಮ. ನಾನು ಒತ್ತಿದಾಗಲೂ ಎಷ್ಟೋ ಸಲ ಮುರಿದಿದೆ. ಮೂಳೆ ಕೂಡುತ್ತೆ. ನಿಂತ ಎದೆಗೆ ಕಾಯೋಕೆ ಪುರುಸೊತ್ತಿಲ್ಲ.”

“ಆಮೇಲೆ?” ಎಂದಳು ಗುಬ್ಬಿ. “ಆಮೇಲೆ ಏನಾಯ್ತು?”

ಅವನು ಲೋಟ ಪಕ್ಕಕ್ಕೆ ಸರಿಸಿದ. “ಆಸ್ಪತ್ರೆ ಬಾಗಿಲಲ್ಲಿ ನಾಡಿ ಇತ್ತು. ಸಣ್ಣದು, ಆದ್ರೆ ಅವರದ್ದೇ. ಅಲ್ಲಿಂದ ಒಳಗೆ ಹೋದ್ರು. ಬಾಗಿಲು ಮುಚ್ಚಿತು. ಆಮೇಲೆ ನಂಗೂ ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ವಾ?”

“ನಮಗೆ ಯಾರು ಹೇಳ್ತಾರೆ? ನಿಮ್ಮ ಲೈನು ಕಡಿಯುತ್ತೆ, ನಮ್ಮ ಬಾಗಿಲು ಮುಚ್ಚುತ್ತೆ.”

ಗುಬ್ಬಿ ಕುಸಿದುಹೋಗುತ್ತಾಳೆ ಎಂದು ನಾನು ಕೆಟಲು ಬಿಟ್ಟು ಹತ್ತಿರ ಹೋದೆ. ಅವಳು ಕುಸಿಯಲಿಲ್ಲ. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟಳು. “ನಾಡಿ ಇತ್ತು,” ಎಂದಳು. ಆಮೇಲೆ, “ನಾಲ್ಕಕ್ಕೆ ಕೈ ಹಾಕಿದ್ರಾ?” ಎಂದು ಮತ್ತೆ ಕೇಳಿದಳು. ಅವನು ಬೇಸರವಿಲ್ಲದೆ ಮತ್ತೆ ಹೇಳಿದ. ಮೂರನೇ ಸಲ ಹೇಳಿದಾಗ ಅತ್ತಳು. ನಮ್ಮೆಲ್ಲರ ಎದುರಿಗೆ, ಮುಖ ಮೇಲೆತ್ತಿಕೊಂಡೇ ಅತ್ತಳು.

ಎತ್ತರದವನು ತನ್ನ ಲೋಟ ತಿರುಗಿಸುತ್ತಾ, “ನಂಗೂ ಒಂದು ಕೇಳೋದಿದೆ,” ಎಂದ. “ಎರಡು ವರ್ಷ ಆಯ್ತು. ಸಣ್ಣ ಹುಡುಗಿ, ಐದಾರು ವರ್ಷ ಇರ್ಬೇಕು, ಬಾಗಿಲು ತೆಗೀತು. ಒಳಗೆ ಅವಳಮ್ಮ ಪ್ರಜ್ಞೆ ಇಲ್ಲದೆ ಬಿದ್ದಿದ್ಲು. ಮಗು ಹೆದರಿರ್ಲೇ ಇಲ್ಲ. ಬಾಗಿಲು ತೆಗೆದು ನನ್ನನ್ನ ನೋಡಿ ‘ನೀವೇ ಜಿರಾಫೆನಾ’ ಅಂತು. ಇವತ್ತಿಗೂ ತಲೆಗೆ ಹೋಗಿಲ್ಲ. ಯಾರು ಏನು ಹೇಳಿದ್ರು ಆ ಮಗುಗೆ?”

ಮೂಲೆಯಲ್ಲಿ ರೇಡಿಯೋ ನಿಂತುಹೋಗಿದ್ದ. ಅವನ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಾನು,” ಎಂದ. “ಹತ್ತೊಂಬತ್ತು ನಿಮಿಷ. ಪ್ರಾಣಿಗಳ ಕಥೆ ಹೇಳ್ತಿದ್ದೆ. ಅಮ್ಮ ಏಳ್ತಿಲ್ಲ ಅಂತ ಅಳೋಕೆ ಶುರು ಮಾಡಿದಾಗೆಲ್ಲ ಇನ್ನೊಂದು ಪ್ರಾಣಿ. ಕೊನೆಗೆ, ಉದ್ದ ಕತ್ತಿನ ಜಿರಾಫೆ ಬಂದು ಬಾಗಿಲು ತಟ್ಟುತ್ತೆ, ಬೀಗ ತೆಗಿ ಅಂದೆ. ನೀವು ಇಷ್ಟು ಉದ್ದ ಇದೀರಿ ಅಂತ ನಂಗೇನು ಗೊತ್ತು.” ನಗಲು ನೋಡಿದ, ಆಗಲಿಲ್ಲ. “ಅವಳಮ್ಮ ಹೋಗ್ಬಿಟ್ಲು ಅಲ್ವಾ? ಆ ಮಗುಗೆ ನಾನು ಹತ್ತೊಂಬತ್ತು ನಿಮಿಷ ಸುಳ್ಳು ಹೇಳ್ದೆ ಅಲ್ವಾ?”

“ಹೋಗೋದಾ! ಗಾಡೀಲೇ ಎಚ್ಚರ ಆಯ್ತು. ಸಕ್ಕರೆ ಕಾಯಿಲೆಯವರು, ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದಿದ್ದು. ಕಣ್ಣು ಬಿಟ್ಟ ತಕ್ಷಣ ಆ ಯಮ್ಮ ಕೇಳಿದ್ದೇನು ಗೊತ್ತಾ? ‘ಬೂಟು ಹಾಕ್ಕೊಂಡು ನಮ್ಮನೆ ಕಂಬಳಿ ತುಳಿದ್ರಾ?’ ಅಂತ.”

ರೇಡಿಯೋ ಕೆಳಗೆ ಕೂತ. ಅವನ ಭುಜ ಅಲುಗುತ್ತಿದ್ದದ್ದು ನಗುವಿಗೋ ಅಳುವಿಗೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಾರದು. ಎರಡು ವರ್ಷ ಆ ಮನುಷ್ಯ ದಿನವಿಡೀ ಮಾತಾಡಿದ್ದು ಇದೊಂದನ್ನು ಹೇಳಬಾರದೆಂದೇ ಇರಬೇಕು. ಗುಬ್ಬಿ ತನ್ನ ಕುರ್ಚಿ ಎಳೆದುಕೊಂಡು ಹೋಗಿ ಅವನ ಪಕ್ಕ ಕೂತಳು. ಮೇಡಂ ಕೆಟಲು ತಾವೇ ತೆಗೆದುಕೊಂಡು ಎಲ್ಲರಿಗೂ ಎರಡನೇ ಲೋಟ ಬಗ್ಗಿಸಿದರು. ಸಕ್ಕರೆ ಎಷ್ಟು ಎಂಬುದು ಅವರಿಗೆ ಗೊತ್ತಿರಲಿಲ್ಲ, ಎಲ್ಲರದ್ದೂ ಪಾನಕವಾಯಿತು. ಯಾರೂ ದೂರಲಿಲ್ಲ.

ಎಲ್ಲ ಮಂಗಳವಾರವೂ ಹೀಗಿರಲಿಲ್ಲ. ಮುಂದಿನ ವಾರ ಬಂದ ಮೂರನೇ ಗಾಡಿಯವಳು, ‘ನಾವು ಹೋದಾಗ ತಡವಾಗಿತ್ತು’ ಎಂದು ಒಂದೇ ಮಾತು ಹೇಳಿದಳು. ಅದನ್ನು ಕೇಳಿದ ಏಳನೇ ಕುರ್ಚಿಯವರು ಎರಡು ದಿನ ರಜೆ ಹಾಕಿದರು. ಆದರೆ ಮರಳಿ ಬಂದು, ಊಹೆ ಮಾಡುತ್ತಾ ಕೂರುವುದಕ್ಕಿಂತ ಇದು ವಾಸಿ ಎಂದರು. ಹಸಿರು ಗೇಟಿನ ಮನೆಗೆ ಹೋದ ಪತ್ರಕ್ಕೆ ಉತ್ತರ ಬಂದಿಲ್ಲ. ಬರಬೇಕೆಂದೇನೂ ಇಲ್ಲ. ಮೇಲಿನವರು ಗುಬ್ಬಿಯ ಕಡತದಲ್ಲಿ ಎಚ್ಚರಿಕೆ ಬರೆದರು, ಕುರ್ಚಿ ಉಳಿಸಿದರು. ಕೆಟ್ಟ ಕರೆಯಾದ ಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಬರಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದು ಹೆಡ್‌ಮಾಸ್ಟ್ರು ಒಂದು ಹಾಳೆ ಅಂಟಿಸಿದರು.

ಎರಡು ವಾರ ಕಳೆದ ಗುರುವಾರ ಗುಬ್ಬಿ ನಾಲ್ಕನೇ ಕುರ್ಚಿಗೆ ಮರಳಿದಳು. ಹೆಡ್‌ಮಾಸ್ಟ್ರು ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಪಕ್ಕದಲ್ಲಿ ಕೂತರು. ಬೆಳಿಗ್ಗೆಯೆಲ್ಲ ಸಣ್ಣಪುಟ್ಟದ್ದೇ, ಉಳುಕಿದ ಕಾಲು, ಕಿವಿಯಲ್ಲಿ ಮಣಿ ಸಿಕ್ಕಿಸಿಕೊಂಡ ಮಗು. ಹನ್ನೆರಡೂವರೆಗೆ ನಾನು ಅವಳ ಹಿಂದೆ ನೆಲ ಒರೆಸುತ್ತಿದ್ದಾಗ ಬಂತು.

“ವಿಳಾಸ ಹೇಳಿ... ಗಾಡಿ ಹೊರಟಿದೆ. ಅವರು ಉಸಿರಾಡ್ತಿದ್ದಾರಾ?”

ನನ್ನ ಕೈ ನಿಂತಿತು. ಆ ಕಡೆ ಯಾರೋ ‘ಇಲ್ಲ’ ಎಂದಿರಬೇಕು.

“ನೆಲದ ಮೇಲೆ ಅಂಗಾತ ಮಲಗಿಸಿ. ಎದೆ ನಡುವೆ ಅಂಗೈ ಇಡಿ, ಅದರ ಮೇಲೆ ಇನ್ನೊಂದು. ಜೋರಾಗಿ ಒತ್ತಿ. ನನ್ನ ಜೊತೆ ಎಣಿಸಿ. ಒಂದು, ಎರಡು, ಮೂರು, ನಾಲ್ಕು.”

ನಡುವೆ ಕೂದಲೆಳೆಯ ಸಂದೂ ಇರಲಿಲ್ಲ. ಹೆಡ್‌ಮಾಸ್ಟ್ರು ಕೈಗಡಿಯಾರವನ್ನು ನೋಡುತ್ತಿದ್ದವರು ನೋಡುವುದನ್ನು ಬಿಟ್ಟರು. ನಾನು ನೆಲ ಒರೆಸುವ ಕೋಲಿನ ಮೇಲೆ ಭಾರ ಹಾಕಿ ನಿಂತು, ಯಾರದೋ ಎದೆಗಾಗಿ ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು ನಿಮಿಷ. ಆಮೇಲೆ ಅವಳು, “ಸರಿ, ಅವರಿಗೆ ಜಾಗ ಬಿಡಿ. ನೀವು ಬಹಳ ಚೆನ್ನಾಗಿ ಮಾಡಿದ್ರಿ,” ಎಂದಳು. ಲೈನು ಕಡಿಯಿತು.

ಹೆಡ್‌ಫೋನು ತೆಗೆದಿಟ್ಟಳು. ರೇಡಿಯೋ ತನ್ನ ಕುರ್ಚಿಯಿಂದ ಎದ್ದು, “ನಡಿ, ಒಂದು ಸುತ್ತು ಹಾಕೋಣ,” ಎಂದ. ಇಬ್ಬರೂ ಕಟ್ಟಡದ ಸುತ್ತ ನಡೆಯುವುದು ಕಿಟಕಿಯಲ್ಲಿ ಕಂಡಿತು. ಅವನು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ, ಅವಳು ಕಿವಿ ಮುಚ್ಚಿಕೊಂಡು ನಗುತ್ತಿದ್ದಳು.

ಹತ್ತು ನಿಮಿಷಕ್ಕೆ ಸರಿಯಾಗಿ ಅಡುಗೆಕೋಣೆಯ ಬಾಗಿಲಲ್ಲಿ ತಲೆ ಹಾಕಿದಳು. ಏನಾಯಿತೋ ಗೊತ್ತಿಲ್ಲ ಎಂದು ಹೇಳುತ್ತಾಳೆ ಎಂದುಕೊಂಡೆ.

“ದೊಡ್ಡಮ್ಮಾ, ಹೊಟ್ಟೆ ಚುರುಗುಟ್ತಿದೆ. ಏನಿದೆ?”

ನನ್ನ ಊಟದ ಡಬ್ಬಿ ಮುಂದೆ ತಳ್ಳಿದೆ. ನಿಂತುಕೊಂಡೇ ತಿಂದಳು, ತಳ ಕೆರೆದಳು. ನನಗೆಂದು ಅರ್ಧ ಸೇಬು ಉಳಿಸಿ, ಬಾಯಿ ಒರೆಸಿಕೊಳ್ಳುತ್ತಾ ಕುರ್ಚಿಗೆ ಓಡಿದಳು.